ಎರಡನೇ ಸರ್ವರ್ ಮೊದಲೋ, ಎರಡನೇ ಪ್ರತಿ ಮೊದಲೋ: ಕಲಬುರಗಿ, ಬೀದರ್, ಯಾದಗಿರಿಯ ಸಣ್ಣ ಕಚೇರಿಗಳಿಗೆ ಹೋಲಿಕೆ

ಸರ್ವರ್ ಕೊಳ್ಳಲು ಕೊಟೇಶನ್ ತರಿಸಿದರೆ ಅದರಲ್ಲಿ "ರೇಡ್ ಇದೆ, ಡೇಟಾ ಸೇಫ್" ಎಂಬ ಸಾಲು ಎಲ್ಲೋ ಒಂದು ಕಡೆ ಕಾಣುತ್ತದೆ. ಅದು ಅರ್ಧ ನಿಜ. ರೇಡ್ ಎಂದರೆ ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಮಾಡಿಕೊಂಡ ಏರ್ಪಾಡು, ಅಷ್ಟೇ. ಗುಮಾಸ್ತರು ಕೈತಪ್ಪಿ ಒಂದು ವರ್ಷದ ಲೆಡ್ಜರ್ ಅಳಿಸಿದರೆ ರೇಡ್ ಆ ಅಳಿಸಿದ್ದನ್ನೂ ಎರಡೂ ಡಿಸ್ಕಿನ ಮೇಲೆ ಅದೇ ಕ್ಷಣಕ್ಕೆ ನಿಷ್ಠೆಯಿಂದ ನಡೆಸಿಕೊಡುತ್ತದೆ. ರ್‍ಯಾನ್ಸಮ್‌ವೇರ್ ಬಂದು ಫೈಲ್‌ಗಳಿಗೆ ಬೀಗ ಹಾಕಿದರೂ ಅದೇ ಕಥೆ. ಕಳ್ಳರು ಡಬ್ಬವನ್ನೇ ಹೊತ್ತೊಯ್ದರಂತೂ ಎರಡೂ ಡಿಸ್ಕ್ ಒಟ್ಟಿಗೆ ಹೋಗುತ್ತವೆ.

ಯಂತ್ರ ಕೆಟ್ಟರೂ ಕೌಂಟರ್ ನಡೆಯಬೇಕು ಎಂಬುದು ಒಂದು ಬೇಡಿಕೆ, ಅದಕ್ಕೆ ಬೇಕಾದದ್ದು ರಿಡಂಡೆನ್ಸಿ. ನಿನ್ನೆಯ ಲೆಕ್ಕ ಇವತ್ತು ಹಾಳಾದರೂ ನಿನ್ನೆಗೆ ಮರಳಬೇಕು ಎಂಬುದು ಬೇರೆಯದೇ ಬೇಡಿಕೆ, ಅದಕ್ಕೆ ಬೇಕಾದದ್ದು ಬ್ಯಾಕಪ್. ಇರುವ ದುಡ್ಡು ಸ್ವಲ್ಪವೇ ಆಗಿದ್ದರೆ ಬ್ಯಾಕಪ್ ಮೊದಲು, ಕರೆಂಟಿನ ಬಂದೋಬಸ್ತು ಎರಡನೆಯದು, ಎರಡನೇ ಸರ್ವರ್ ಕೊನೆಗೆ. ಮಾರುವವರು ಹೇಳುವ ಕ್ರಮ ಸಾಮಾನ್ಯವಾಗಿ ಇದರ ಉಲ್ಟಾ ಇರುತ್ತದೆ.

ಆಯ್ಕೆಗೆ ಇಳಿಯುವ ಮುಂಚೆ ಎರಡು ಅಂಕಿ ಕಾಗದದ ಮೇಲೆ ಬರೆದುಕೊಳ್ಳಬೇಕು. ಎಷ್ಟು ಹೊತ್ತಿನ ಎಂಟ್ರಿಯನ್ನು ಮತ್ತೆ ಹೊಡೆಯಲು ನಿಮ್ಮ ಸಿಬ್ಬಂದಿಗೆ ಸಾಧ್ಯ? ಎಷ್ಟು ತಾಸು ಕೆಲಸ ನಿಂತರೆ ಸಹಿಸಿಕೊಳ್ಳಬಹುದು? ಐಟಿಯವರು ಮೊದಲನೆಯದನ್ನು ಆರ್‌ಪಿಒ, ಎರಡನೆಯದನ್ನು ಆರ್‌ಟಿಒ ಎನ್ನುತ್ತಾರೆ. ಅಡತಿ ಅಂಗಡಿಗೆ ಒಂದು ದಿನದ ಬಿಲ್ಲು ಮತ್ತೆ ಹೊಡೆಯುವುದು ಕಷ್ಟವಾದರೂ ಆಗುವ ಕೆಲಸ, ಬಿಲ್ ಪುಸ್ತಕ ಕೈಯಲ್ಲೇ ಇರುತ್ತದೆ. ಪಿಗ್ಮಿ ಸಂಗ್ರಹಿಸುವ ಸೌಹಾರ್ದ ಸಹಕಾರಿಗೆ ಅದು ಆಗದ ಮಾತು: ನೂರಾರು ಜನರ ಚಿಲ್ಲರೆ ಜಮೆ ಸಂಜೆ ಒಮ್ಮೆಲೇ ಸರ್ವರ್‌ಗೆ ಏರುತ್ತದೆ, ರಾತ್ರಿ ಬ್ಯಾಕಪ್ ಆಗುವುದರೊಳಗೆ ಡಿಸ್ಕ್ ಸತ್ತರೆ ಇಡೀ ದಿನದ ಜಮೆ ಹೋಯಿತು. ಈ ಎರಡು ಅಂಕಿ ಇಲ್ಲದೆ ಮಾಡಿದ ಯಾವ ಹೋಲಿಕೆಯೂ ಬರೀ ಬ್ರ್ಯಾಂಡ್ ಹೋಲಿಕೆ.

ಬಿಸಿಲು, ಕರೆಂಟು, ಸಿಡಿಲು

ಈ ಭಾಗದಲ್ಲಿ ಹ್ಯಾಕರ್‌ಗಿಂತ ಮುಂಚೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಪಾರಾ 42 ಡಿಗ್ರಿ ದಾಟುವುದು ಹೊಸದೇನಲ್ಲ. ಬೀದರ್ ಎತ್ತರದಲ್ಲಿ ಇರುವುದರಿಂದ ತುಸು ಮೇಲು. ಯುಪಿಎಸ್‌ನ ಮುಚ್ಚಿದ ಸೀಸ-ಆಮ್ಲ ಬ್ಯಾಟರಿಗೆ ಹೇಳುವ ಆಯುಷ್ಯ 25ರಿಂದ 27 ಡಿಗ್ರಿಯ ಲೆಕ್ಕದ್ದು. ಅದರ ಮೇಲೆ ಸುಮಾರು 8ರಿಂದ 10 ಡಿಗ್ರಿ ಏರಿದಂತೆಲ್ಲ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ಆರ್‌ಸಿಸಿ ಸ್ಲ್ಯಾಬಿನ ಕೆಳಗೆ, ಕಿಟಕಿ ಇಲ್ಲದ ಮೂಲೆಯಲ್ಲಿ ಬ್ಯಾಟರಿ ಇಟ್ಟವರಿಗೆ ನಾಲ್ಕು ವರ್ಷದ ಮಾಲು ಎರಡೇ ಬೇಸಿಗೆಗೆ ಕೈಕೊಡುವುದು ಇದಕ್ಕೇ. ಬ್ಯಾಟರಿಯನ್ನು ಮೇಲ್ಮಹಡಿಯಿಂದ ಕೆಳಗೆ, ಗಾಳಿಯಾಡುವ ಉತ್ತರದ ಕೋಣೆಗೆ ತಂದರೆ ಅದೊಂದೇ ದೊಡ್ಡ ಉಳಿತಾಯ.

ಕರೆಂಟಿನ ಬಂದೋಬಸ್ತಿಗೆ ಆಯ್ಕೆ ಮೂರು. ಮನೆಗೆ ಹಾಕುವ ಇನ್ವರ್ಟರ್ ಸರ್ವರ್‌ಗೆ ಬೇಡ. ಕರೆಂಟ್ ಹೋದಾಗ ಬದಲಾಯಿಸಿಕೊಳ್ಳಲು ಅದು ತೆಗೆದುಕೊಳ್ಳುವ ಹೊತ್ತಿನಲ್ಲಿ ಸರ್ವರ್ ರೀಸ್ಟಾರ್ಟ್ ಆಗಿಬಿಡಬಹುದು. ಲೈನ್ ಇಂಟರಾಕ್ಟಿವ್ ಯುಪಿಎಸ್ ಕೆಲವೇ ಮಿಲಿಸೆಕೆಂಡಿನಲ್ಲಿ ಬದಲಾಗುತ್ತದೆ, ಪಟ್ಟಣದೊಳಗೆ ವೋಲ್ಟೇಜ್ ಒಂದು ಮಟ್ಟಕ್ಕೆ ಸ್ಥಿರವಾಗಿದ್ದರೆ ಒಂದು ಟವರ್ ಸರ್ವರ್‌ಗೆ ಅಷ್ಟು ಸಾಕು. ಜನರೇಟರ್ ಇದ್ದರೆ, ಅಥವಾ ದಾಲ್ ಮಿಲ್‌ನ ಮೋಟಾರ್ ಚಾಲೂ ಆದಾಗ ಬಲ್ಬು ಮಂಕಾಗುವ ಜಾಗವಾದರೆ, ಆನ್‌ಲೈನ್ ಯುಪಿಎಸ್ ತಗೊಳ್ಳಿ. ಅಲ್ಲಿ ಸರ್ವರ್ ಸದಾ ಇನ್ವರ್ಟರ್ ಮೇಲೆಯೇ ನಡೆಯುವುದರಿಂದ ಹೊರಗಿನ ಏರಿಳಿತ ಒಳಗೆ ಬರುವುದಿಲ್ಲ. ಮಿಲ್‌ನಲ್ಲಿ ಇನ್ನೊಂದು ತೊಂದರೆ ತೊಗರಿಯ ಸಣ್ಣ ಧೂಳು. ಫ್ಯಾನು, ಹೀಟ್ ಸಿಂಕಿನಲ್ಲಿ ಅದು ಕಂಬಳಿಯಂತೆ ಕೂರುತ್ತದೆ. ಸೀಜನ್‌ನಲ್ಲಿ ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಬೇಕು.

ಎಷ್ಟು ಬ್ಯಾಟರಿ ಬೇಕು ಎಂಬ ಲೆಕ್ಕ ಸರಳ. ಟವರ್ ಸರ್ವರ್, ನ್ಯಾಸ್ (ಲ್ಯಾನ್‌ಗೆ ಜೋಡಿಸುವ ಡಿಸ್ಕ್ ಡಬ್ಬ), ಸ್ವಿಚ್, ರೂಟರ್ ಸೇರಿ 250 ವ್ಯಾಟ್ ಎನ್ನಿ. 12 ವೋಲ್ಟ್, 26 ಆಂಪಿಯರ್-ಅವರ್‌ನ ಮೂರು ಬ್ಯಾಟರಿ ಎಂದರೆ 936 ವ್ಯಾಟ್-ಅವರ್. ಇನ್ವರ್ಟರ್‌ನಲ್ಲಿ ಹೋಗುವ 15%, ಬೇಗ ಬೇಗ ಖಾಲಿ ಮಾಡಿದಾಗ ಕಡಿಮೆಯಾಗುವ ಕಾಲು ಭಾಗ ಕಳೆದರೆ ಕೈಗೆ ಸಿಗುವುದು ಸುಮಾರು 600. ಅಂದರೆ ಹೊಸದರಲ್ಲಿ ಎರಡು ತಾಸಿಗೆ ತುಸು ಮೇಲೆ, ಎರಡು ಬೇಸಿಗೆ ಕಳೆದ ಮೇಲೆ ಒಂದು ತಾಸು.

ಆದರೆ ಹೆಚ್ಚು ತಾಸು ಸಿಕ್ಕಿದ್ದೆಲ್ಲ ಲಾಭವಲ್ಲ. ಕರೆಂಟ್ ಹೋದಾಗ ಎಸಿಯೂ ನಿಲ್ಲುತ್ತದೆ. ಮೇ ಮಧ್ಯಾಹ್ನ ಮುಚ್ಚಿದ ಕೋಣೆಯಲ್ಲಿ ಸರ್ವರ್ ಮೂರು ತಾಸು ಓಡಿದರೆ ಡಿಸ್ಕ್‌ಗಳ ಉಷ್ಣತೆ 50 ಡಿಗ್ರಿ ದಾಟುತ್ತದೆ. ಆದ್ದರಿಂದ ಯುಪಿಎಸ್‌ನ ಯುಎಸ್‌ಬಿ ಕೇಬಲನ್ನು ಸರ್ವರ್‌ಗೆ ಜೋಡಿಸಿ, 20 ನಿಮಿಷ ಕರೆಂಟ್ ಬಾರದಿದ್ದರೆ ತಾನಾಗಿ ಶಟ್‌ಡೌನ್ ಆಗುವಂತೆ ಮಾಡಿ. ಲಿನಕ್ಸ್‌ನಲ್ಲಿ ಇದಕ್ಕೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಇದೆ, ವಿಂಡೋಸ್‌ಗೆ ಯುಪಿಎಸ್ ಕಂಪನಿಯದೇ ತಂತ್ರಾಂಶ ಬರುತ್ತದೆ. ಮೊದಲು ಡೇಟಾಬೇಸ್ ಇರುವ ಸರ್ವರ್ ಮಲಗಬೇಕು, ಆಮೇಲೆ ನ್ಯಾಸ್. ಈ ಕೇಬಲ್ ಎಷ್ಟೋ ಕಚೇರಿಗಳಲ್ಲಿ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಡ್ರಾವರ್‌ನಲ್ಲೇ ಇರುತ್ತದೆ.

ಅರ್ಥಿಂಗ್ ಬಗ್ಗೆ ಯಾರೂ ಕೇಳುವುದಿಲ್ಲ. ಕಪ್ಪು ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥ್ ಪೈಪಿನಿಂದ ಮಣ್ಣು ದೂರ ಸರಿಯುತ್ತದೆ, ಅರ್ಥಿಂಗ್ ಸಡಿಲವಾಗುತ್ತದೆ. ಏಪ್ರಿಲ್‌ನಿಂದ ಮಳೆ ಹಿಡಿಯುವ ತನಕ ವಾರಕ್ಕೆರಡು ಬಾರಿ ಗುಂಡಿಗೆ ಒಂದೊಂದು ಕೊಡ ನೀರು ಹಾಕಿ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2-3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್ ಕರೆಸಬೇಕು. ಅಡ್ಡಮಳೆಯ ಸಿಡಿಲು ಬಹುತೇಕ ಒಳಗೆ ಬರುವ ದಾರಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ಎಳೆದ ತಾಮ್ರದ ಲ್ಯಾನ್ ಕೇಬಲ್. ಆಫೀಸಿನಿಂದ ಗೋದಾಮಿಗೆ ಹೋಗುವ ಆ ಒಂದು ಕೇಬಲನ್ನು ಫೈಬರ್‌ಗೆ ಬದಲಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್‌ನಿಂದ ಲ್ಯಾನ್‌ಗೆ ಬದಲಿಸುವ ಡಬ್ಬಿ) ಹಾಕಿ. ಇದರ ಖರ್ಚು ಸುಟ್ಟುಹೋಗುವ ಒಂದು ಸ್ವಿಚ್ಚಿಗಿಂತ ಬಹಳ ಹೆಚ್ಚೇನಿಲ್ಲ.

ಡಿಸ್ಕ್‌ಗಳ ಜೋಡಿ

ಸಣ್ಣ ಕಚೇರಿಗೆ ರೇಡ್ 1 ಸಾಕು: ಎರಡು ಡಿಸ್ಕ್, ಎರಡರಲ್ಲೂ ಅದೇ ಮಾಹಿತಿ. ರೇಡ್ 5ರಲ್ಲಿ ಮೂರು ಡಿಸ್ಕ್‌ಗೆ ಎರಡರ ಜಾಗ ಸಿಗುತ್ತದೆ ಎಂಬ ಆಸೆಗೆ ಬೀಳುವವರಿದ್ದಾರೆ, ಆದರೆ ಒಂದು ಡಿಸ್ಕ್ ಹೋದ ಮೇಲೆ ಹೊಸದನ್ನು ತುಂಬಲು ಉಳಿದ ಡಿಸ್ಕ್‌ಗಳನ್ನು ಪೂರ್ತಿ ಓದಬೇಕು. 4 ಟಿಬಿ ಡಿಸ್ಕ್ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಓಡಿದರೂ ಏಳೂವರೆ ತಾಸು, ಕಚೇರಿ ಕೆಲಸವೂ ನಡೆದಿದ್ದರೆ ಅದರ ದುಪ್ಪಟ್ಟು. ಒಟ್ಟಿಗೆ ಕೊಂಡ, ಒಟ್ಟಿಗೆ ಮುದಿಯಾದ ಎರಡನೇ ಡಿಸ್ಕ್ ಸಾಯಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದಿಲ್ಲ. ಹೆಚ್ಚು ಜಾಗ ಬೇಕಾದರೆ ನಾಲ್ಕು ಡಿಸ್ಕಿನ ರೇಡ್ 10 (ಎರಡು ಜೋಡಿ ರೇಡ್ 1) ಅಥವಾ ರೇಡ್ 6 (ಎರಡು ಡಿಸ್ಕ್ ಹೋದರೂ ನಡೆಯುವಂಥದ್ದು). ಡಿಸ್ಕ್ ಕೊಳ್ಳುವಾಗ ಅದು ಎಸ್‌ಎಂಆರ್ (ಸಾಲಿನ ಮೇಲೆ ಸಾಲು ಹೊದಿಸಿ ಬರೆಯುವ ಬಗೆ) ಅಲ್ಲ, ಸಿಎಂಆರ್ (ಸಾಲುಗಳನ್ನು ಬಿಡಿಬಿಡಿಯಾಗಿ ಬರೆಯುವ ಬಗೆ) ಎಂದು ಖಾತ್ರಿ ಮಾಡಿಕೊಳ್ಳಿ. ಎಸ್‌ಎಂಆರ್ ಡಿಸ್ಕ್ ಸತತ ಬರವಣಿಗೆಗೆ ಕುಂಟುತ್ತದೆ, ರೀಬಿಲ್ಡ್ (ಹೊಸ ಡಿಸ್ಕ್ ತುಂಬುವುದು) ದಿನಗಟ್ಟಲೆ ಎಳೆಯುತ್ತದೆ, ಕೆಲವೊಮ್ಮೆ ಮಧ್ಯದಲ್ಲೇ ನಿಲ್ಲುತ್ತದೆ.

ಹಾರ್ಡ್‌ವೇರ್ ರೇಡ್ ಕಾರ್ಡೋ, ತಂತ್ರಾಂಶದ ರೇಡೋ? ಕಾರ್ಡ್ ಸುಟ್ಟರೆ ಡಿಸ್ಕ್ ಓದಲು ಅದೇ ಕುಟುಂಬದ ಕಾರ್ಡ್ ಬೇಕು, ಅದು ಹೈದರಾಬಾದ್‌ನಿಂದಲೋ ಬೆಂಗಳೂರಿನಿಂದಲೋ ಬರುವವರೆಗೆ ಕೈಕಟ್ಟಿ ಕೂರಬೇಕು. ತಂತ್ರಾಂಶದ ರೇಡ್, ಅಂದರೆ ಲಿನಕ್ಸ್‌ನ ಎಂಡಿ ರೇಡ್ ಅಥವಾ ಝಡ್‌ಎಫ್‌ಎಸ್, ಆದರೆ ಡಿಸ್ಕ್‌ಗಳನ್ನು ಕಿತ್ತು ಬೇರೆ ಯಾವ ಲಿನಕ್ಸ್ ಪಿಸಿಗೆ ಹಾಕಿದರೂ ತೆರೆದುಕೊಳ್ಳುತ್ತವೆ. ಬಿಡಿಭಾಗ ಸಿಗಲು ದಿನ ಹಿಡಿಯುವ ಊರುಗಳಲ್ಲಿ ಎರಡನೆಯದೇ ಮೇಲು. ಎರಡು ಪವರ್ ಸಪ್ಲೈ ಇರುವ ಸರ್ವರ್ ಕೊಂಡು ಎರಡೂ ವೈರನ್ನು ಒಂದೇ ಯುಪಿಎಸ್‌ಗೆ ಚುಚ್ಚುವುದು ಅರ್ಧ ವ್ಯರ್ಥ. ಒಂದು ಯುಪಿಎಸ್‌ಗೆ, ಇನ್ನೊಂದು ಬೇರೆ ಯುಪಿಎಸ್‌ಗೆ ಹೋಗಬೇಕು.

ಎರಡನೇ ಯಂತ್ರ: ಮೂರು ಮಟ್ಟ

ಅತಿ ಅಗ್ಗದ್ದು ಬಿಡಿ ಯಂತ್ರ. ಹಳೆಯ ಆದರೆ ಗಟ್ಟಿ ಪಿಸಿಗೆ 16 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ ಹಾಕಿ, ಬೇಕಾದ ತಂತ್ರಾಂಶ ಏರಿಸಿ, ಆಫ್ ಮಾಡಿ ಇಡುವುದು. ಸರ್ವರ್ ಸತ್ತ ದಿನ ಬ್ಯಾಕಪ್ ತುಂಬಿ ಚಾಲೂ ಮಾಡಿದರೆ ಮೂರ್ನಾಲ್ಕು ತಾಸಿನಲ್ಲಿ ಕೌಂಟರ್ ಶುರು. ಲೈಸೆನ್ಸ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಕೀಲಿ) ಅಥವಾ ಯಂತ್ರಕ್ಕೆ ಕಟ್ಟಿದ ಆಕ್ಟಿವೇಶನ್ ಇರುವ ತಂತ್ರಾಂಶವಾದರೆ ಅದನ್ನು ಬದಲಾಯಿಸುವ ಕ್ರಮವನ್ನು ಈಗಲೇ ಕೇಳಿ ತಿಳಿದಿರಬೇಕು. ಭಾನುವಾರ ಸಂಜೆ ಸಪೋರ್ಟ್ ನಂಬರ್ ಎತ್ತುವವರಿರುವುದಿಲ್ಲ.

ಮಧ್ಯದ್ದು ರೆಪ್ಲಿಕಾ. ಸರ್ವರನ್ನು ವರ್ಚುವಲ್ ಮಶೀನ್ (ಯಂತ್ರದೊಳಗೆ ತಂತ್ರಾಂಶದಿಂದ ಕಟ್ಟಿದ ಯಂತ್ರ) ಆಗಿ ನಡೆಸಿ ಇನ್ನೊಂದು ಯಂತ್ರಕ್ಕೆ ಆಗಾಗ ನಕಲು ಕಳಿಸುವುದು. ಇದಕ್ಕೆಂದೇ ವಿಂಡೋಸ್‌ನಲ್ಲಿರುವ ಹೈಪರ್-ವಿ ರೆಪ್ಲಿಕಾದಲ್ಲಿ ನಕಲುಗಳ ನಡುವಿನ ಅಂತರ 30 ಸೆಕೆಂಡ್, 5 ನಿಮಿಷ ಅಥವಾ 15 ನಿಮಿಷ. ಲಿನಕ್ಸ್ ಮೇಲೆ ನಡೆಯುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಎರಡೂ ಕಡೆ ಝಡ್‌ಎಫ್‌ಎಸ್ ಇದ್ದರೆ ಸಾಮಾನ್ಯ ಅಂತರ 15 ನಿಮಿಷ. ಕೆಟ್ಟಾಗ ಕೈಯಿಂದ ಬದಲಾಯಿಸಬೇಕು, ಅರ್ಧ ತಾಸಿನ ಕೆಲಸ. ಒಂದು ಶಾಖೆಗಿಂತ ಹೆಚ್ಚಿರುವ ಸಹಕಾರಿಗೆ, 24 ತಾಸೂ ನಡೆಯುವ ನರ್ಸಿಂಗ್ ಹೋಮ್‌ಗೆ ಇದು ಸರಿಯಾದ ಜಾಗ. ರೆಪ್ಲಿಕಾ ಕೂಡ ಹಾಳಾದದ್ದನ್ನು ಹಾಳಾದಂತೆಯೇ ನಕಲು ಮಾಡುತ್ತದೆ ಎಂಬುದನ್ನು ಮರೆಯಬಾರದು.

ಒಂದು ಕೆಟ್ಟರೆ ಇನ್ನೊಂದು ತಾನಾಗಿ ಕೆಲಸ ಹಿಡಿಯುವ ಯಂತ್ರಗಳ ಗುಂಪು, ಅಂದರೆ ಕ್ಲಸ್ಟರ್, ಮೂರನೆಯದು. ಎರಡೇ ಯಂತ್ರ ಇದ್ದರೆ ನಡುವಿನ ಕೇಬಲ್ ಕಳಚಿದಾಗ ಎರಡೂ "ನಾನೇ ಯಜಮಾನ" ಎಂದು ಬರೆಯತೊಡಗಿ ಡೇಟಾ ಎರಡು ದಾರಿ ಹಿಡಿಯುತ್ತದೆ, ಹಾಗಾಗಿ ಯಾರು ಯಜಮಾನ ಎಂದು ತೀರ್ಮಾನಿಸಲು ಮೂರನೇ ಮತ ಬೇಕು. ದಿನವೂ ನೋಡಿಕೊಳ್ಳುವ ಆಳಿಲ್ಲದ ಕಚೇರಿಗೆ ಕ್ಲಸ್ಟರ್ ಸೌಕರ್ಯಕ್ಕಿಂತ ಕಾಟವೇ ಹೆಚ್ಚು. 20 ಜನರ ಕಚೇರಿಗೆ ಇದನ್ನು ಯಾರಾದರೂ ಮಾರಲು ಬಂದರೆ ಚಹಾ ಕುಡಿಸಿ ಕಳಿಸಿ.

ಪ್ರತಿ ಎಲ್ಲಿಡುವುದು

ಹಳೆಯ ಸೂತ್ರ ಇಂದಿಗೂ ಸರಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಊರಾಚೆ. ಅದಕ್ಕೆ ಈಗ ಇನ್ನೊಂದು ಸೇರಿದೆ. ಒಂದು ಪ್ರತಿಯಾದರೂ ಯಾರೂ ಅಳಿಸಲಾಗದ ಕಡೆ ಇರಬೇಕು.

ಯುಎಸ್‌ಬಿ ಹಾರ್ಡ್‌ಡಿಸ್ಕ್ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಒಂದಲ್ಲ, ಎರಡು ಕೊಳ್ಳಬೇಕು: ಒಂದು ಸರ್ವರ್‌ಗೆ, ಇನ್ನೊಂದು ಬೇರೆ ಕಟ್ಟಡದ ಬೀರುವಿನಲ್ಲಿ, ಪ್ರತಿ ಶನಿವಾರ ಅದಲುಬದಲು. ಸದಾ ಚುಚ್ಚಿಯೇ ಇರುವ ಡಿಸ್ಕ್ ಬ್ಯಾಕಪ್ ಅಲ್ಲ, ರ್‍ಯಾನ್ಸಮ್‌ವೇರ್‌ಗೆ ಇನ್ನೊಂದು ಡ್ರೈವ್, ಅಷ್ಟೇ. ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಜರ್ನಲ್ (ಬರೆಯುವ ಮುಂಚೆ ಮಾಡಿಕೊಳ್ಳುವ ಟಿಪ್ಪಣಿ) ಇಲ್ಲದ್ದರಿಂದ ನಕಲಿನ ನಡುವೆ ಕರೆಂಟ್ ಹೋದರೆ ಫೈಲ್‌ಗಳ ಪಟ್ಟಿಯೇ ಕೆಡಬಹುದು, ವಿಂಡೋಸ್ ಕಚೇರಿಯಾದರೆ ಎನ್‌ಟಿಎಫ್‌ಎಸ್ ಇರಲಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕುವುದು ಒಳ್ಳೆಯದೇ, ಆದರೆ ರಿಕವರಿ ಕೀಯ 48 ಅಂಕಿಗಳನ್ನು ಅದೇ ಸರ್ವರ್‌ನಲ್ಲಿ ಸೇವ್ ಮಾಡಿಟ್ಟರೆ ಬೀಗದ ಕೈಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡಂತೆ.

ನ್ಯಾಸ್‌ನ ಲಾಭ, ಯಾರ ನೆನಪನ್ನೂ ಅವಲಂಬಿಸದೆ ರಾತ್ರಿ ತಾನೇ ಕೆಲಸ ಮುಗಿಸುತ್ತದೆ. ಲ್ಯಾನ್ ಮೇಲೆ ಮರಳಿಸುವುದೂ ಬೇಗ. ಅದರ ಅಡ್ಮಿನ್ ಪಾಸ್‌ವರ್ಡ್ ವಿಂಡೋಸ್ ಡೊಮೇನ್‌ನದ್ದೇ (ಕಚೇರಿಯ ಎಲ್ಲ ಪಿಸಿಗಳಿಗೂ ಸಾಮಾನ್ಯವಾದ ಲಾಗಿನ್) ಆಗಿರಬಾರದು. ಸರ್ವರ್ ತನ್ನ ಡೇಟಾವನ್ನು ನ್ಯಾಸ್‌ಗೆ ತಳ್ಳುವುದಕ್ಕಿಂತ ನ್ಯಾಸ್ ತಾನೇ ಬಂದು ಎಳೆದುಕೊಳ್ಳುವಂತೆ ಮಾಡಿದರೆ, ಸರ್ವರ್ ಹೊಕ್ಕ ದುಷ್ಟನಿಗೆ ನ್ಯಾಸ್‌ನ ಕೀಲಿ ಸಿಗುವುದಿಲ್ಲ. ನೆಲಕ್ಕೆ ಇಡಬೇಡಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದ್ದು ನೆನಪಿರುವವರಿಗೆ ನದಿ ಬದಿಯ ಶಾಖೆಯ ನೆಲಮಹಡಿ ಊರಾಚೆಯ ಪ್ರತಿಗೆ ಸರಿಯಾದ ಜಾಗವಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ಕ್ಲೌಡ್‌ಗೆ ಬಂದರೆ, ಅಮೆಜಾನ್‌ನ ಮುಂಬೈ ಕೇಂದ್ರ 2016ರಿಂದ, ಹೈದರಾಬಾದ್ ಕೇಂದ್ರ 2022ರಿಂದ ಇವೆ, ಮೈಕ್ರೋಸಾಫ್ಟ್‌ನದು ಪುಣೆಯಲ್ಲಿದೆ. ಡೇಟಾ ದೇಶದೊಳಗೇ ಉಳಿಯುತ್ತದೆ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇದು ಬರೀ ಅನುಕೂಲವಲ್ಲ: ಲೆಕ್ಕಪತ್ರದ ಬ್ಯಾಕಪ್ ದಿನವೂ ಭಾರತದಲ್ಲಿರುವ ಸರ್ವರ್‌ನಲ್ಲಿ ಇರಬೇಕೆಂದು 2022ರಲ್ಲಿ ತಿದ್ದಿದ ಕಂಪನಿ ಲೆಕ್ಕಪತ್ರ ನಿಯಮ ಹೇಳುತ್ತದೆ. ಆಬ್ಜೆಕ್ಟ್ ಲಾಕ್ ಸೌಲಭ್ಯವನ್ನು ಕಂಪ್ಲಯನ್ಸ್ ಮೋಡ್‌ನಲ್ಲಿ 30 ದಿನಕ್ಕೆ ಹಾಕಿದರೆ ಅಷ್ಟು ದಿನ ಅಡ್ಮಿನ್ ಕೂಡ ಆ ಪ್ರತಿಯನ್ನು ಅಳಿಸಲಾರ. ಲೋಪ ಎರಡು. ಮೊದಲನೆಯದು ವೇಗ: 400 ಜಿಬಿಯನ್ನು 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಏರಿಸಲು 44 ತಾಸು, 100 ಎಂಬಿಪಿಎಸ್‌ನಲ್ಲಿ ಇಳಿಸಲು ಏನೂ ಅಡ್ಡಿ ಬಾರದಿದ್ದರೂ 9 ತಾಸು. ಏರಿಸುವಾಗ ಮೊದಲ ಸಲ ಮಾತ್ರ ಈ ಕಷ್ಟ. ಆಮೇಲೆ ದಿನಕ್ಕೆ 3 ಜಿಬಿ ಬದಲಾದರೆ 20 ನಿಮಿಷ ಸಾಕು. ರಸ್ತೆ ಅಗೆದು ಫೈಬರ್ ಕಟ್ಟಾದ ದಿನ ಕ್ಲೌಡ್ ಪ್ರತಿ ಇದ್ದೂ ಇಲ್ಲದಂತೆ, ಅದಕ್ಕೇ ಕ್ಲೌಡ್ ಒಂದನ್ನೇ ನಂಬಬಾರದು. ಎರಡನೆಯದು ಬಿಲ್ಲು: ಇಡಲು ಅಗ್ಗ, ಹೊರಗೆಳೆಯಲು ಬೇರೆ ದರ. ಅಮೆಜಾನ್‌ನ ಗ್ಲೇಸಿಯರ್ ಡೀಪ್ ಆರ್ಕೈವ್ (ಅಪರೂಪಕ್ಕೆ ಬೇಕಾಗುವ ಡೇಟಾದ ಕಣಜ) ಬಹಳ ಅಗ್ಗ ಎಂದು ಅಲ್ಲಿ ದಿನನಿತ್ಯದ ಪ್ರತಿ ಇಟ್ಟವರು, ಬೇಕೆಂದಾಗ 12 ತಾಸು ಕಾಯಬೇಕು. 180 ದಿನದೊಳಗೆ ಅಳಿಸಿದರೂ ಪೂರ್ತಿ ಅವಧಿಯ ಬಾಡಿಗೆ ಕಟ್ಟಬೇಕು.

ಗೂಗಲ್ ಡ್ರೈವ್, ಒನ್‌ಡ್ರೈವ್‌ನ ಸಿಂಕ್ ಫೋಲ್ಡರನ್ನು ಬ್ಯಾಕಪ್ ಎಂದುಕೊಂಡಿರುವವರು ಬಹಳ. ಸಿಂಕ್ ಎಂದರೆ ಇಲ್ಲಿ ಅಳಿದದ್ದು ಅಲ್ಲೂ ಅಳಿಯುತ್ತದೆ. ಟೇಪ್ ಒಳ್ಳೆಯ ಮಾಧ್ಯಮ, ಎಲ್‌ಟಿಒ-8ರ ಒಂದು ಕ್ಯಾಸೆಟ್ಟಿಗೆ 12 ಟಿಬಿ ಹಿಡಿಯುತ್ತದೆ, ಆದರೆ ಡ್ರೈವ್‌ನ ಬೆಲೆ ನೋಡಿದರೆ ಸಣ್ಣ ಸಂಸ್ಥೆಗೆ ಮಾತಿಲ್ಲ.

ಬ್ಯಾಕಪ್ ತೆಗೆಯುವಾಗಲೇ ಕೆಡುವುದು

ಟ್ಯಾಲಿ ತೆರೆದಿರುವಾಗ ಡೇಟಾ ಫೋಲ್ಡರನ್ನು ಕಾಪಿ ಮಾಡಿದರೆ ಅರ್ಧ ಹಳೆಯ, ಅರ್ಧ ಹೊಸ ಫೈಲ್ ಸೇರಿ ಕಂಪನಿ ತೆರೆಯದೇ ಹೋಗಬಹುದು. ಎಲ್ಲರೂ ಹೊರಬಂದ ಮೇಲೆ ಟ್ಯಾಲಿಯದೇ ಬ್ಯಾಕಪ್ ಆಯ್ಕೆ ಬಳಸಿ, ನಕಲು ಮಾಡುವುದಾದರೆ ಆ ಬ್ಯಾಕಪ್ ಫೈಲನ್ನು ಮಾಡಿ. ಮೈಎಸ್‌ಕ್ಯುಎಲ್ ಡೇಟಾಬೇಸ್‌ಗೂ ಇದೇ ಮಾತು: ಡೇಟಾ ಕೋಶದ ನಕಲಲ್ಲ, ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆಯೊಂದಿಗೆ ಡಂಪ್ (ಡೇಟಾವನ್ನು ಒಂದು ಫೈಲಿಗೆ ಇಳಿಸುವುದು).

ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ವೇಳಾಪಟ್ಟಿ ನಡೆಸುವ ಏಜೆಂಟ್ ಇಲ್ಲ. ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಿಂದಲೇ ನಡೆಸಬೇಕು. ಡೇಟಾಬೇಸ್ ಫುಲ್ ರಿಕವರಿಯಲ್ಲಿದ್ದು (ಪ್ರತಿ ಬದಲಾವಣೆಯೂ ಲಾಗ್ ಫೈಲಿನಲ್ಲಿ ಉಳಿಯುವ ಕ್ರಮ) ಲಾಗ್ ಬ್ಯಾಕಪ್ ತೆಗೆಯದಿದ್ದರೆ ಲಾಗ್ ಫೈಲ್ ಬೆಳೆದೂ ಬೆಳೆದೂ ಡಿಸ್ಕ್ ತುಂಬಿ ಒಂದು ದಿನ ತಂತ್ರಾಂಶ ನಿಲ್ಲುತ್ತದೆ. 15 ನಿಮಿಷಕ್ಕೊಮ್ಮೆ ಲಾಗ್ ಬ್ಯಾಕಪ್ ಇಟ್ಟರೆ ಈ ತೊಂದರೆಯೂ ಇಲ್ಲ, ಪಿಗ್ಮಿ ಜಮೆ ಕಳೆಯುವ ಭಯವೂ 15 ನಿಮಿಷಕ್ಕೆ ಇಳಿಯುತ್ತದೆ.

ವಿಂಡೋಸ್‌ನ ನಕಲು ಸಲಕರಣೆ ರೋಬೋಕಾಪಿಯ ಮಿರರ್ ಆಯ್ಕೆಯೊಂದಿಗೆ ಹುಷಾರು. ಮೂಲ ಖಾಲಿಯಾದರೆ ಅದು ಪ್ರತಿಯನ್ನೂ ಖಾಲಿ ಮಾಡಿ "ಯಶಸ್ವಿ" ಎನ್ನುತ್ತದೆ. ಅದರ ಬದಲು ಹಳೆಯ ಆವೃತ್ತಿ ಉಳಿಸುವ ತಂತ್ರಾಂಶ ಬಳಸಿ: ವಿಂಡೋಸ್ ಕಡೆಗೆ ವೀಮ್‌ನ ಉಚಿತ ಕಮ್ಯುನಿಟಿ ಆವೃತ್ತಿ, ಲಿನಕ್ಸ್ ಕಡೆಗೆ ರೆಸ್ಟಿಕ್ ಅಥವಾ ಬೋರ್ಗ್, ಪ್ರಾಕ್ಸ್‌ಮಾಕ್ಸ್ ಇದ್ದರೆ ಅದರದೇ ಬ್ಯಾಕಪ್ ಸರ್ವರ್. ದಿನದ್ದು 7, ವಾರದ್ದು 4, ತಿಂಗಳದ್ದು 12 ಇಟ್ಟುಕೊಳ್ಳುವುದು ರೂಢಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕಾದ್ದರಿಂದ ಮಾರ್ಚ್ 31ರ ಪ್ರತಿಯನ್ನು ಪ್ರತಿವರ್ಷ ಬೇರೆಯೇ ಡಿಸ್ಕಿಗೆ ಎತ್ತಿಡಿ.

ಯಾರಿಗೆ ಯಾವುದು

ಒಂದೇ ಟ್ಯಾಲಿ ಪಿಸಿಯ ಅಡತಿ ಅಂಗಡಿ, ಸಣ್ಣ ಮಿಲ್: ಸರ್ವರ್ ಬೇಡ, ರೇಡ್ ಕೂಡ ಬೇಡ. ಅದಲುಬದಲಿನ ಎರಡು ಯುಎಸ್‌ಬಿ ಡಿಸ್ಕ್, ದಿನದ ಬ್ಯಾಕಪ್ ಫೈಲ್ ಕ್ಲೌಡ್‌ಗೆ, ಲೈನ್ ಇಂಟರಾಕ್ಟಿವ್ ಅಥವಾ ಜಾಗ ನೋಡಿ ಆನ್‌ಲೈನ್ ಯುಪಿಎಸ್.

ಮೂರ್ನಾಲ್ಕು ಶಾಖೆಯ ಸಹಕಾರಿ: ರೇಡ್ 1ರ ಸರ್ವರ್, ಅದೇ ಕಟ್ಟಡದ ಬೇರೆ ಕೋಣೆಯಲ್ಲಿ ರೆಪ್ಲಿಕಾ, ಲಾಗ್ ಬ್ಯಾಕಪ್ ನ್ಯಾಸ್‌ಗೆ, ರಾತ್ರಿಯದು ಲಾಕ್ ಹಾಕಿದ ಕ್ಲೌಡ್‌ಗೆ. ಎರಡನೇ ಇಂಟರ್ನೆಟ್ ಲೈನ್ ಬೇರೆ ಕಂಪನಿಯದಾದರೆ ಸಾಲದು, ಬೇರೆ ಕಂಬದಿಂದ ಬರಬೇಕು. ಆಗದಿದ್ದರೆ 4ಜಿ ಸಿಮ್ ಹಾಕುವ ರೂಟರ್.

ನರ್ಸಿಂಗ್ ಹೋಮ್‌ನಲ್ಲಿ ಬಿಲ್ಲಿಂಗ್ ಡೇಟಾ ಚಿಕ್ಕದು, ಗಳಿಗೆಗೊಮ್ಮೆ ಬದಲಾಗುತ್ತದೆ. ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳು ದೊಡ್ಡವು, ಒಮ್ಮೆ ತೆಗೆದ ಮೇಲೆ ಬದಲಾಗುವುದೇ ಇಲ್ಲ. ಎರಡಕ್ಕೂ ಒಂದೇ ವೇಳಾಪಟ್ಟಿ ಹಾಕಿದರೆ ರಾತ್ರಿಯೆಲ್ಲ ಚಿತ್ರಗಳೇ ಓಡುತ್ತಿದ್ದು ಬಿಲ್ಲಿಂಗ್ ಬಾಕಿ ಉಳಿಯುತ್ತದೆ. ಬಿಲ್ಲಿಂಗ್‌ಗೆ ತಾಸಿಗೊಂದು ಬ್ಯಾಕಪ್, ಚಿತ್ರಗಳಿಗೆ ವಾರಕ್ಕೊಮ್ಮೆ ಡಿಸ್ಕ್, ಹೊಸ ಚಿತ್ರಗಳಷ್ಟೇ ಪ್ರತಿ ರಾತ್ರಿ ನ್ಯಾಸ್‌ಗೆ.

ಮರಳಿಸಿ ನೋಡುವುದು

ಬ್ಯಾಕಪ್ ಸದ್ದಿಲ್ಲದೆ ನಿಲ್ಲುವ ಕಾರಣಗಳು ಬಹಳ ಸಾದಾ: ಡಿಸ್ಕ್ ತುಂಬಿದೆ, ಬ್ಯಾಕಪ್ ಖಾತೆಯ ಪಾಸ್‌ವರ್ಡ್ ಯಾರೋ ಬದಲಾಯಿಸಿದ್ದಾರೆ, ಯುಎಸ್‌ಬಿ ಡಿಸ್ಕಿನ ಡ್ರೈವ್ ಅಕ್ಷರ ಬದಲಾಗಿದೆ, ಕ್ಲೌಡ್‌ಗೆ ಕಟ್ಟಿದ ಕಾರ್ಡ್‌ನ ಅವಧಿ ಮುಗಿದಿದೆ. ಬ್ಯಾಕಪ್ ಕೆಟ್ಟಾಗ ಮಾತ್ರ ಮೇಲ್ ಕಳಿಸುವ ವ್ಯವಸ್ಥೆಯಿದ್ದರೆ, ಮೇಲ್ ಕಳಿಸುವುದೇ ಕೆಟ್ಟಾಗ ಯಾರಿಗೂ ಗೊತ್ತಾಗುವುದಿಲ್ಲ. ಆದದ್ದಕ್ಕೂ ದಿನವೂ ಒಂದು ಮೇಲ್ ಬರಲಿ, ಬಾರದ ದಿನ ಕೇಳುವುದು ಯಾರ ಕೆಲಸ ಎಂದು ಒಬ್ಬರ ಹೆಸರು ನಿಗದಿಯಾಗಲಿ.

ತಿಂಗಳಿಗೊಮ್ಮೆ ಒಂದು ಫೈಲ್, ಮೂರು ತಿಂಗಳಿಗೊಮ್ಮೆ ಪೂರ್ತಿ ಡೇಟಾಬೇಸನ್ನು ಆ ಬಿಡಿ ಯಂತ್ರದ ಮೇಲೆ ಮರಳಿಸಬೇಕು. ತೆರೆದುಕೊಂಡಿತು ಎಂಬಷ್ಟಕ್ಕೆ ನಿಲ್ಲದೆ, ನಿನ್ನೆಯ ಕ್ಲೋಸಿಂಗ್ ಬ್ಯಾಲೆನ್ಸ್ ಮುದ್ರಿಸಿದ ಡೇ ಬುಕ್‌ಗೆ ಹೊಂದುತ್ತದೆಯೇ ನೋಡಿ. ಹಿಡಿದ ಹೊತ್ತನ್ನು ಗಡಿಯಾರ ನೋಡಿ ಬರೆದಿಡಿ. ಮೊದಲು ಕಾಗದದ ಮೇಲೆ ಬರೆದ ತಾಸಿನ ಅಂಕಿಗಿಂತ ಅದು ಹೆಚ್ಚಾಗಿದ್ದರೆ ಆಗ ಎರಡನೇ ಸರ್ವರ್‌ನ ಕೊಟೇಶನ್ ತರಿಸಬಹುದು. ಪಾಸ್‌ವರ್ಡ್‌ಗಳು, ಎನ್‌ಕ್ರಿಪ್ಶನ್ ಕೀ, ಲೈಸೆನ್ಸ್ ನಂಬರ್, ಯಾವುದಾದ ಮೇಲೆ ಯಾವುದನ್ನು ಏರಿಸಬೇಕೆಂಬ ಕ್ರಮ ಇವೆಲ್ಲ ಒಂದು ಹಾಳೆಯ ಮೇಲೆ ಮುದ್ರಿಸಿ, ಲಕೋಟೆಯಲ್ಲಿ ಮೊಹರು ಮಾಡಿ, ಸರ್ವರ್ ಇಲ್ಲದ ಕಟ್ಟಡದ ತಿಜೋರಿಯಲ್ಲಿರಲಿ.